ಇಸ್ತ್ರಿ ಕೆಡದ ಯುದ್ಧ

ಯುದ್ಧದ ಪುಸ್ತಕವೆಂದರೆ ನಮ್ಮಲ್ಲಿ ಅನೇಕರು ಪುಟ ಮಗುಚಿ ಮುಂದೆ ಹೋಗುತ್ತೇವೆ. ಆದರೆ ನೆಪೋಲಿಯನ್ ಕಾಲದ ಸಮವಸ್ತ್ರದ ಚಿತ್ರಗಳನ್ನು ಬಟ್ಟೆಯ ಕಷ್ಟ ಬಲ್ಲ ಹೆಂಗಸರೇ ನೋಡಬೇಕು ಎನ್ನುತ್ತೇನೆ ನಾನು.

1812ರಲ್ಲಿ ಫ್ರಾನ್ಸಿನ ಸೇನೆಗೆ ಹೊಸ ಉಡುಪಿನ ನಿಯಮ ಬಂತು. ಅದನ್ನು ರೂಪಿಸಿದವನು ಬಾರ್ದಾಂ ಎಂಬ ಅಧಿಕಾರಿ. ಚಿತ್ರ ಬರೆದವನು ಹೆಸರಾಂತ ಕಲಾವಿದ ಕಾರ್ಲ್ ವೆರ್ನೆ. ಕಾಲಾಳಿಗೆ ನೀಲಿ ಕೋಟು, ಎದೆಯ ಮೇಲೆ ಬಿಳಿ ಪಟ್ಟಿ, ಕೆಂಪು ಕಾಲರು, ಬಿಳಿ ಷರಾಯಿ. ಒಂದೊಂದು ಗುಂಡಿಯೂ ಎಣಿಕೆಗೆ ಸಿಗುತ್ತದೆ. ಪಳಗಿದ ಕೈಯ ಕೆಲಸ, ಎರಡು ಮಾತಿಲ್ಲ. ಆದರೆ ಆ ಸೈನಿಕನ ಮೊಣಕಾಲಿಗೆ ಮಣ್ಣು ತಾಗಿಲ್ಲ, ಕಂಕುಳಲ್ಲಿ ಬೆವರಿನ ಕಲೆಯಿಲ್ಲ.

ಆ ಬಿಳಿಯನ್ನು ಬಿಳಿಯಾಗಿ ಇಟ್ಟವರು ಯಾರು? 1793ರ ಕಾನೂನಿನ ಪ್ರಕಾರ ನೂರಾರು ಸೈನಿಕರ ಒಂದೊಂದು ಬೆಟಾಲಿಯನ್ನಿಗೆ ಬಟ್ಟೆ ಒಗೆಯಲು ನಾಲ್ವರು ಹೆಂಗಸರಿಗೆ ಮಾತ್ರ ಅನುಮತಿ. ನಾಲ್ಕೇ ಜನ! ಮನೆಯ ಐದಾರು ಮಂದಿಯ ಬಟ್ಟೆ ಒಗೆದು ಸೊಂಟ ಹಿಡಿದುಕೊಂಡವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆಲ್ಲ ವೆರ್ನೆಯನ್ನು ದೂರಲಾರೆ. ಬಟ್ಟೆ ಹೇಗಿರಬೇಕೆಂದು ತೋರಿಸುವುದಷ್ಟೇ ಅವನ ಕೆಲಸ. ದರ್ಜಿಯ ಮುಂದಿಡುವ ಮಾದರಿ ಅದು. ಮಾದರಿಯನ್ನೇ ಯುದ್ಧವೆಂದು ನಂಬಿದರೆ ತಪ್ಪು ನೋಡುವವರದು.

ಅದೇ 1812ರಲ್ಲಿ ನೆಪೋಲಿಯನ್ ರಷ್ಯಾದ ಮೇಲೆ ದಂಡೆತ್ತಿ ಹೋದಾಗ, ಜರ್ಮನಿಯ ವ್ಯೂರ್ಟೆಂಬರ್ಗಿನ ಫಿರಂಗಿ ದಳದ ಅಧಿಕಾರಿ ಫಾಬರ್ ದು ಫೋರ್ ಜೊತೆಗಿದ್ದ. ದಾರಿಯಲ್ಲಿ ಕಂಡದ್ದನ್ನು ರೇಖೆಯಲ್ಲಿ ಹಿಡಿದಿಟ್ಟ. ಆ ಚಿತ್ರಗಳು 1831ರಿಂದ ಅಚ್ಚಾಗತೊಡಗಿದವು. ವ್ಯೂರ್ಟೆಂಬರ್ಗಿನಿಂದ ಹೊರಟವರು ಸುಮಾರು 15,000. ಮರಳಿದವರು ಕೆಲವೇ ನೂರು ಮಂದಿ. ಅವನ ಹಾಳೆಗಳನ್ನು ಒಂದೊಂದಾಗಿ ತಿರುವಿದಂತೆ ಹೊರಡುವಾಗಿನ ಠೀವಿ ಉಡುಗುತ್ತದೆ. ಕೊನೆಗೆ ಉಳಿಯುವುದು ಹಿಮ, ಸಿಕ್ಕಿದ್ದನ್ನು ಮೈಗೆ ಸುತ್ತಿಕೊಂಡ ಜೀವಗಳು. ಯಾರು ಯಾವ ದಳದವರೋ ತಿಳಿಯದು. ಚಳಿ ಮಾತ್ರ ನಮಗೂ ತಿಳಿಯುತ್ತದೆ. ವೆರ್ನೆಯ ನಯ ಇವನಿಗಿಲ್ಲ. ಆದರೂ ನನ್ನ ಓಟು ಇವನಿಗೇ.

2001ರಲ್ಲಿ ಲಿಥುವೇನಿಯಾದ ವಿಲ್ನಿಯಸ್ ನಗರದಲ್ಲಿ ಈ ದಂಡಿನವರ ಸಾಮೂಹಿಕ ಸಮಾಧಿ ಸಿಕ್ಕಿತು. ಸಾವಿರಾರು ಜನರ ಅಸ್ಥಿಗಳು. ಅವರ ದಳಗಳನ್ನು ಗುರುತಿಸಲು ನೆರವಾದದ್ದು ಕೋಟಿನ ಗುಂಡಿಗಳ ಮೇಲಿದ್ದ ಸಂಖ್ಯೆ. ವೆರ್ನೆ ಅಷ್ಟು ಜತನದಿಂದ ಬರೆದ ಅದೇ ಬಗೆಯ ಗುಂಡಿಗಳು! ಜೊತೆಗೆ ಹೇನಿನ ಅವಶೇಷಗಳೂ, ಹೇನಿನಿಂದ ಹರಡುವ ಜ್ವರದ ಕುರುಹೂ ದೊರೆತವು.

ಮಕ್ಕಳಿಗೆ ಈ ಚಿತ್ರಗಳನ್ನು ತೋರಿಸುವಾಗ ಎರಡನ್ನೂ ಅಕ್ಕಪಕ್ಕದಲ್ಲಿ ಇಡಿ. ಒಂದರಲ್ಲಿ ಹೊಲಿದ ಬಟ್ಟೆಯಿದೆ, ಇನ್ನೊಂದರಲ್ಲಿ ಅದನ್ನು ತೊಟ್ಟ ಯಾರದೋ ಮಗನಿದ್ದಾನೆ.