ಹನ್ನೆರಡು ಭಾನುವಾರ, ಮೂವರು ನಿರ್ದೇಶಕರು

ಏನು ನೋಡೋದು ಅಂತ ಹುಡುಕೋದರಲ್ಲೇ ಅರ್ಧ ಗಂಟೆ ಕಳೆದು, ಕಡೆಗೆ ಏನೂ ನೋಡದೆ ಮಲಗುವವರ ಪೈಕಿ ನೀವೂ ಇದ್ದರೆ ಈ ಬರಹ ನಿಮಗೆ. ನಾನು ನನ್ನ ಜೊತೆಗೇ ಒಂದು ಪಂಥ ಕಟ್ಟಿಕೊಂಡೆ. ಮೂವರು ಕನ್ನಡ ನಿರ್ದೇಶಕರು, ಒಬ್ಬೊಬ್ಬರದು ನಾಲ್ಕು ಸಿನಿಮಾ, ಭಾನುವಾರಕ್ಕೊಂದು. ನಿಯಮ ಎರಡೇ: ಬಂದ ಕ್ರಮದಲ್ಲೇ ನೋಡಬೇಕು, ನೋಡುವ ಮೊದಲು ವಿಮರ್ಶೆ ಓದಬಾರದು.

ನಾನು ಕುಷ್ಟಗಿಯವನು. ಹಾಗಾಗಿ ಒಂದು ಪ್ರಶ್ನೆ ಹನ್ನೆರಡೂ ವಾರ ಪಕ್ಕದಲ್ಲೇ ಕೂತಿತ್ತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಮಂದಿ ಈ ಪರದೆ ಮೇಲೆ ಎಲ್ಲದಾರ?

ಮೊದಲು ಪುಟ್ಟಣ್ಣ ಕಣಗಾಲ್. 'ಗೆಜ್ಜೆಪೂಜೆ', 'ಶರಪಂಜರ' (1971), 'ನಾಗರಹಾವು' (1972), 'ರಂಗನಾಯಕಿ' (1981). ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಕಣ್ಣೀರು ಬರುತ್ತೆ. ಸಾಲಾಗಿ ನೋಡಿದರೆ ಸಿಟ್ಟೂ ಬರುತ್ತೆ. ಚಂದ್ರಾ ಪ್ರಾಣ ಕಳೆದುಕೊಳ್ಳುತ್ತಾಳೆ. ಕಾವೇರಿ ಮತ್ತೆ ಹುಚ್ಚಾಸ್ಪತ್ರೆ ಸೇರುತ್ತಾಳೆ. ಮಾರ್ಗರೆಟ್ ರಾಮಾಚಾರಿ ಜೊತೆ ಬೆಟ್ಟದಿಂದ ಹಾರುತ್ತಾಳೆ. ಸಮಾಜದ ತಪ್ಪನ್ನು ಪುಟ್ಟಣ್ಣ ಧೈರ್ಯವಾಗಿ ಎತ್ತಿ ತೋರಿಸುತ್ತಾರೆ, ನಿಜ. ಆದರೆ ಆ ತಪ್ಪಿನ ದಂಡ ಕಟ್ಟುವವಳು ಮಾತ್ರ ಪ್ರತಿಸಲ ಹೆಣ್ಣೇ. ಇದು ಒಂದು ಸಿನಿಮಾದಲ್ಲಿ ಕಥೆಯ ದುರಂತ ಅನ್ನಿಸುತ್ತೆ, ನಾಲ್ಕರಲ್ಲಿ ನಿರ್ದೇಶಕರ ಅಭ್ಯಾಸ ಅಂತ ಗೊತ್ತಾಗುತ್ತೆ.

ಶಂಕರ್‌ನಾಗ್ ವಿಷಯದಲ್ಲಿ ಇದು ತಿರುಗುಮುರುಗು. 'ಮಿಂಚಿನ ಓಟ', 'ಗೀತಾ', 'ಆಕ್ಸಿಡೆಂಟ್', 'ಒಂದು ಮುತ್ತಿನ ಕಥೆ'. ಕಾರು ಕಳ್ಳರು, ಪ್ರೇಮ, ರಾಜಕಾರಣ, ಕಡಲು. ಒಂದರ ಹಾಗೆ ಇನ್ನೊಂದಿಲ್ಲ. 1990ರಲ್ಲಿ ತೀರಿಕೊಂಡಾಗ ಅವರಿಗಿನ್ನೂ 35. ಅಷ್ಟರೊಳಗೆ ಎಲ್ಲವನ್ನೂ ಒಮ್ಮೆ ಮುಟ್ಟಿ ನೋಡಬೇಕೆಂಬ ಆತುರ ಎದ್ದು ಕಾಣುತ್ತೆ. ಹಾಡುಗಳೇ ಇಲ್ಲದ 'ಆಕ್ಸಿಡೆಂಟ್'ನಲ್ಲಿ ರಾಜಕಾರಣಿಯ ಮಗನ ಕಾರು ಫುಟ್‌ಪಾತ್ ಮೇಲೆ ಮಲಗಿದವರ ಮೇಲೆ ಹರಿಯುತ್ತೆ. ನನ್ನ ಪ್ರಶ್ನೆ ಅಲ್ಲಿ ಥಟ್ಟನೆ ಎದ್ದು ಕೂತಿತು. ಸತ್ತವರ ಊರು ಯಾವುದಾದರೂ ಇರಲಿ, ಮಳೆ ಕೈಕೊಟ್ಟ ವರ್ಷ ಯಲಬುರ್ಗಾ, ಕುಷ್ಟಗಿ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಗುಳೆ ಹೋಗೋ ಮಂದಿ ನೆನಪಾದರು.

ಕೊನೆಗೆ ಗಿರೀಶ್ ಕಾಸರವಳ್ಳಿ. 'ಘಟಶ್ರಾದ್ಧ' (1977), 'ತಬರನ ಕಥೆ', 'ದ್ವೀಪ', 'ಕನಸೆಂಬ ಕುದುರೆಯನೇರಿ' (2010). ಮೊದಲ ಮೂರಕ್ಕೂ ವರ್ಷದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂದಿದೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ನಾಲ್ಕನೆಯದು.

ಕಥೆ ರಾಯಚೂರು ಜಿಲ್ಲೆಯ ಅಮರೇಶ ನುಗಡೋಣಿ ಅವರ 'ಸವಾರಿ'. ನಮ್ಮ ನಾಲ್ಕೂ ತಾಲ್ಲೂಕು 1997ರವರೆಗೆ ಅದೇ ಜಿಲ್ಲೆಯಲ್ಲಿದ್ದವು, ಹಾಗಾಗಿ ಇದು ನಮ್ಮದೇ ಮನೆಯ ಕಥೆ. ಹೆಣ ಹೂಳುವ ಕುಣಿ ತೋಡೋ ಈರ್ಯಾನ ಕನಸಲ್ಲಿ ಸಿದ್ಧ ಬಂದರೆ ಊರಲ್ಲೊಂದು ಸಾವು ಖಚಿತ. ಒಮ್ಮೆ ಕನಸು ಬಿದ್ದು ಗೌಡರ ಮನೆಗೆ ಹೋದರೆ, ಯಾರೂ ಸತ್ತಿಲ್ಲ ಅಂತ ವಾಪಸ್ ಕಳಿಸುತ್ತಾರೆ. ಈರ್ಯಾ ತನ್ನ ಕನಸನ್ನೇ ಅನುಮಾನಿಸುತ್ತಾನೆ. ಆಮೇಲೆ ಸಿನಿಮಾ ಅದೇ ದಿನವನ್ನು ಗೌಡರ ಮನೆಯ ಒಳಗಿನಿಂದ ತೋರಿಸುತ್ತೆ. ಕನಸು ಸುಳ್ಳಾಗಿರಲಿಲ್ಲ. ಗೌಡರು ಸತ್ತಿದ್ದರು, ಮನೆಯವರು ಮುಚ್ಚಿಟ್ಟಿದ್ದರು.

ಕ್ರಮವಾಗಿ ನೋಡಿದ್ದರ ಲಾಭ ಇಲ್ಲಿ ಸಿಕ್ಕಿತು. ಯಮುನಕ್ಕ ಬದುಕಿರುವಾಗಲೇ ಅವಳ ಶ್ರಾದ್ಧ ಮಾಡುತ್ತಾರೆ. ಪಿಂಚಣಿಗೆ ಅಲೆಯುವ ತಬರ ಸರಕಾರವನ್ನು ನಂಬಿಯೇ ಹಾಳಾಗುತ್ತಾನೆ. 'ದ್ವೀಪ'ದ ನಾಗಿ ಮನೆ ಉಳಿಸಿದರೆ ಗಂಡ ಅದು ದೇವರ ಕೃಪೆ ಅನ್ನುತ್ತಾನೆ. ಸಣ್ಣವರು ಕಣ್ಣಾರೆ ಕಂಡ ಸತ್ಯವನ್ನು ದೊಡ್ಡವರ ಒಂದು ಮಾತು ಅಳಿಸಿಹಾಕುತ್ತೆ. ಕಾಸರವಳ್ಳಿ ಮತ್ತೆ ಮತ್ತೆ ನೋಡಿದ್ದು ಇದನ್ನೇ. ಈರ್ಯಾನ ಹತ್ತಿರ ಬರುವ ಹೊತ್ತಿಗೆ ಅದನ್ನು ಹೇಳಲು ಅವರಿಗೆ ಸಂಭಾಷಣೆಯೂ ಬೇಕಾಗಲಿಲ್ಲ, ಕಥೆ ಹೇಳುವ ಕ್ರಮ ಬದಲಿಸಿದರೆ ಸಾಕಾಯಿತು.

ಈರ್ಯಾ ಆದವರು ವೈಜನಾಥ ಬಿರಾದಾರ. ಅದಕ್ಕೂ ಮುಂಚೆ ಅವರನ್ನು ನಾವು ಕಂಡದ್ದೆಲ್ಲ ಸಣ್ಣಪುಟ್ಟ ಹಾಸ್ಯ ಪಾತ್ರಗಳಲ್ಲಿ, ಹೆಚ್ಚಾಗಿ ಭಿಕ್ಷುಕನಾಗಿ. ನಮ್ಮ ಮಾತಿಗೂ ಸಿನಿಮಾದಲ್ಲಿ ಅದೇ ಗತಿ. 'ಹೌದ್ರೀ, ಬರ್ರೀ' ಅಂದ ಕೂಡಲೇ ಥಿಯೇಟರ್ ನಗಬೇಕು. ಆನೆಗೊಂದಿಯ ಬಂಡೆಗಳು ಹಾಡಿನ ಹಿಂದೆ ಚೆಂದ ಕಾಣುತ್ತವೆ, ಬಂಡೆಯ ಬುಡದಲ್ಲಿ ಭತ್ತ ನಾಟಿ ಮಾಡೋಳು ಚೌಕಟ್ಟಿನಿಂದ ಹೊರಗೇ ಉಳಿಯುತ್ತಾಳೆ. ಈ ಒಂದು ಸಿನಿಮಾದಲ್ಲಿ ಆ ಮನುಷ್ಯನನ್ನು ನೋಡಿ ಯಾರೂ ನಗಲಿಲ್ಲ. ಮುಖ ಅದೇ, ನೋಡೋ ಕಣ್ಣು ಬೇರೆ.

ಹನ್ನೆರಡರಲ್ಲಿ ಒಂದು. ಲೆಕ್ಕ ಚಿಕ್ಕದು, ನಿರ್ದೇಶಕರನ್ನು ಆರಿಸಿದವನು ನಾನೇ ಅನ್ನೋದೂ ನಿಜ. ನೀವು ಬೇರೆ ಮೂವರನ್ನು ಆರಿಸಿ. 'ಫಣಿಯಮ್ಮ' ಮಾಡಿದ ಪ್ರೇಮಾ ಕಾರಂತರಿಂದ ಶುರು ಮಾಡಿದರೂ ಚೆಂದ. ಕ್ರಮ ಮಾತ್ರ ತಪ್ಪಿಸಬೇಡಿ. ನೋಡ್ತಾ ನೋಡ್ತಾ ನಿಮ್ಮ ಊರಿನವರು ಎಲ್ಲಿ ಬಂದರು, ಬಂದಾಗ ಏನು ಮಾಡ್ತಿದ್ದರು ಅಂತ ಒಂದು ಸಾಲು ಬರೆದಿಡಿ. ನಮ್ಮ ನಾಲ್ಕು ತಾಲ್ಲೂಕಿನ ಹುಡುಗ ಹುಡುಗಿಯರು ಯಾರಾದರೂ ಕ್ಯಾಮೆರಾ ಹಿಡಿದಿದ್ದರೆ, ಆ ಪಟ್ಟಿ ಅವರಿಗೆ ಬೇಕಾಗುತ್ತೆ.