ಮುತ್ತುಗಕ್ಕೆ ಬರೀ ಕಿತ್ತಳೆ ಸಾಲದು

ಫಾಲ್ಗುಣ ಬಂತೆಂದರೆ ಪುಣೆಯ ಹವ್ಯಾಸಿ ಚಿತ್ರಕಾರರ ಸಾಫ್ಟ್ ಪೇಸ್ಟಲ್ ಡಬ್ಬಿಯಲ್ಲಿ ಕಿತ್ತಳೆ ಕಡ್ಡಿಗೆ ಬಿಡುವಿಲ್ಲ. ಮುತ್ತುಗ, ಇಲ್ಲಿಯವರ ಪಳಸ, ಹೂಬಿಡುವ ಕಾಲವಲ್ಲವೇ! ಆದರೆ ನಾನು ನೋಡಿದ ಹೆಚ್ಚಿನ ಚಿತ್ರಗಳು ಮರವನ್ನು ಬಿಟ್ಟು, ಅದಕ್ಕೆ ಅಂಟಿದ 'ಕಾಡಿನ ಬೆಂಕಿ' ಎಂಬ ಹೆಸರನ್ನೇ ಬರೆದಿವೆ. ಕಿತ್ತಳೆಯ ಮೇಲೆ ಕಿತ್ತಳೆ, ಅಂದಕ್ಕೆಂದು ಒಂದಷ್ಟು ಹಸಿರೆಲೆ.

'ಎಲ್ಲಿಗೆ ಹೋದರೂ ಪಳಸಕ್ಕೆ ಎಲೆ ಮೂರೇ' ಎನ್ನುತ್ತದೆ ಮರಾಠಿ ಗಾದೆ. ಹೂವಿನ ಭರದಲ್ಲಿ ಆ ಮೂರೂ ಬಹುಪಾಲು ಉದುರಿರುತ್ತವೆ. ಬೂದು ಬಣ್ಣದ ಸೊಟ್ಟ ಕೊಂಬೆ ಬಯಲಾಗಿರುತ್ತದೆ. ಹೂವಿನ ಬುಡದ ಪುಟ್ಟ ಬಟ್ಟಲು ಮಖಮಲ್ಲಿನಂಥ ಕಪ್ಪುಗಂದು. ಅದರ ಪಕ್ಕದಲ್ಲಿದ್ದಾಗಲೇ ಕಿತ್ತಳೆ ಉರಿಯುವುದು.

ಮಾಧ್ಯಮ ಬೇಡುವುದೂ ಇದನ್ನೇ. ಸಾಫ್ಟ್ ಪೇಸ್ಟಲ್ ಎಂದರೆ ಅಂಟು ತೀರ ಕಡಿಮೆಯಿರುವ ಬಣ್ಣದ ಪುಡಿ. ಕಾಗದದ ತರಿಯನ್ನು ಕಚ್ಚಿಕೊಂಡು ನಿಲ್ಲುತ್ತದೆ. ಗಾಢದಿಂದ ತಿಳಿಗೆ ಬರುವುದು ರೂಢಿ. ಮೊದಲು ಕೊಂಬೆ, ಕಪ್ಪು ಬಟ್ಟಲು, ಮಕರಂದಕ್ಕೆ ಬಂದ ಮೈನಾದ ಗಾಢ ಮೈ. ಕಿತ್ತಳೆ ಕೊನೆಗೆ, ಒಂದೇ ಒತ್ತಿನಲ್ಲಿ. ಬೆರಳಿನಿಂದ ತಿಕ್ಕುತ್ತ ಹೋದರೆ ಹೂವು ಹೊಗೆಯಾಗುತ್ತದೆ. ಮೇಲೆ ಫಿಕ್ಸೆಟಿವ್ ಧಾರಾಳವಾಗಿ ಹೊಡೆದರೆ ಹೊಳಪೂ ಮಂಕು.

ಊಟದೆಲೆಯಾಗಿ ಮುತ್ತುಗವನ್ನು ಬಲ್ಲ ನಮಗೆ ಇದು ಪರವೂರಿನ ಮರವಲ್ಲ. ಪರಿಚಯವಿದೆ ಎಂಬ ಧೈರ್ಯವೇ ನಮ್ಮನ್ನು ನೋಡದಂತೆ ಮಾಡುತ್ತದೆ. ಮರದ ಕೆಳಗೆ ಹತ್ತು ನಿಮಿಷ ನಿಂತು ಕಪ್ಪು ಎಲ್ಲೆಲ್ಲಿದೆ ಎಂದು ಗುರುತು ಹಾಕಿಕೊಳ್ಳಿ. ಕಿತ್ತಳೆ ಕಡ್ಡಿ ಆಮೇಲೆ ತೆಗೆದರಾಯಿತು.