ಮತ್ತೆ ಮತ್ತೆ ಕೇಳುವ ಅಮ್ಮ

ಸರ್ವರ್ ಕೈಕೊಟ್ಟರೆ ನಮ್ಮ ಆಫೀಸಿನಲ್ಲಿ ಮೊದಲು ಹುಡುಕುವುದು ‘ರೂಟ್ ಕಾಸ್’. ಮಗಳಿಗೆ ಒಸಿಡಿ ಇದೆಯೆಂದು ಡಾಕ್ಟರು ಹೇಳಿದ ವಾರ ನಾನು ಮಾರ್ಟಿನ್ ಸ್ಕಾರ್ಸೆಸಿಯ ‘ದಿ ಏವಿಯೇಟರ್’ (2004) ಮತ್ತೆ ನೋಡಿದ್ದು ಅದೇ ಚಟದಿಂದ. ಚಿತ್ರ ತೆರೆಯುವುದೇ ಒಂದು ಸ್ನಾನದಿಂದ. ತಾಯಿ ಪುಟ್ಟ ಹೋವರ್ಡ್ ಹ್ಯೂಸ್‌ನ ಮೈಗೆ ಸೋಪು ಹಚ್ಚುತ್ತ ‘ಕ್ವಾರಂಟೈನ್’ ಪದದ ಸ್ಪೆಲಿಂಗ್ ಹೇಳಿಸುತ್ತಾಳೆ, ಕಾಲರಾದ ಭಯ ಬಿತ್ತುತ್ತಾಳೆ. ಮುಂದೆ ರಕ್ತ ಬರುವವರೆಗೂ ಕೈ ಉಜ್ಜುವ ಹ್ಯೂಸ್‌ಗೆ ಕಾರಣ ಸಿಕ್ಕಿತು, ಟಿಕೆಟ್ ಕ್ಲೋಸ್!

ಆ ರಾತ್ರಿ ನಾವು ಗಂಡ ಹೆಂಡತಿ ಮಾತಾಡಲಿಲ್ಲ. ಕೋವಿಡ್ ದಿನಗಳಲ್ಲಿ ಹಾಲಿನ ಪ್ಯಾಕೆಟ್ಟಿಗೂ ಸೋಪುನೀರು ಹಾಕಿಸಿದವಳು ಅವಳು. ತೊಳೆದೆಯಾ ಎಂದು ಎರಡೆರಡು ಸಲ ಕೇಳಿದವನು ನಾನು.

ದೃಶ್ಯವಾಗಿ ಅದು ಚೆನ್ನಾಗಿದೆ, ವಿವರಣೆಯಾಗಿ ಟೊಳ್ಳು. ಒಸಿಡಿಯಲ್ಲಿ ವಂಶವಾಹಿಯ ಪಾಲಿದೆ, ಮಿದುಳಿನ ಪಾಲಿದೆ. ಅಮ್ಮನ ಒಂದು ಮಾತಿನಿಂದ ಅದು ಹುಟ್ಟುವುದಿಲ್ಲ. ಧಾರವಾಡದಲ್ಲಿ ನನ್ನವ್ವ ಮೊಮ್ಮಗಳಿಗೆ ಮಡಿ ಬಂತೆಂದು ಮೊದಲು ಖುಷಿಪಟ್ಟಿದ್ದಳು. ಮಡಿಗಾದರೂ ಒಂದು ಕೊನೆಯಿದೆ: ಮಿಂದು ಉಟ್ಟರೆ ಮುಗಿಯಿತು, ಇನ್ನು ಅಡುಗೆ. ಮಗಳಿಗೆ ಆ ‘ಮುಗಿಯಿತು’ ಎಂಬುದೇ ಸಿಗುತ್ತಿರಲಿಲ್ಲ.

ಇದನ್ನು ಬಲ್ಲ ಪುಸ್ತಕ ಜಾನ್ ಗ್ರೀನ್‌ನ ‘ಟರ್ಟಲ್ಸ್ ಆಲ್ ದಿ ವೇ ಡೌನ್’ (2017). ಲೇಖಕನಿಗೇ ಒಸಿಡಿ ಇದೆ. ಹದಿನಾರರ ಅಜಾ ಬೆರಳತುದಿಯ ಗಾಯವನ್ನು ಉಗುರಿನಿಂದ ಮತ್ತೆ ಮತ್ತೆ ಬಿಚ್ಚುತ್ತಾಳೆ, ಪಟ್ಟಿ ಬದಲಿಸುತ್ತಾಳೆ. ಯೋಚನೆ ಸುರುಳಿಯಾಗಿ ಒಳಗೊಳಗೆ ಬಿಗಿಯುತ್ತದೆ. ಕಾಣೆಯಾದ ಕೋಟ್ಯಧೀಶನ ಪತ್ತೇದಾರಿ ಕಥೆ ನನಗೆ ಸಪ್ಪೆಯೆನಿಸಿತು. ಆಸ್ತಿಯನ್ನೆಲ್ಲ ಹಲ್ಲಿಯಂಥ ಪ್ರಾಣಿಗೆ ಬರೆದಿಡುವ ಅಪ್ಪನೂ ಅಷ್ಟಕ್ಕಷ್ಟೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅಜಾಳ ಅಮ್ಮ. ಗಂಡನನ್ನು ಕಳೆದುಕೊಂಡ ಟೀಚರು. ಮಗಳ ಮುಖ ನೋಡುತ್ತಲೇ ಇರುತ್ತಾಳೆ, ಕೇಳುತ್ತಲೇ ಇರುತ್ತಾಳೆ. ಮಗಳು ಬೀಗ ಎಳೆದೆಳೆದು ನೋಡುವುದಕ್ಕೂ ನಾನು ಅವಳನ್ನು ‘ಆರಾಮಿದ್ದೀಯಾ?’ ಎಂದು ಗಂಟೆಗೊಮ್ಮೆ ಕೇಳುವುದಕ್ಕೂ ಏನು ವ್ಯತ್ಯಾಸ? ಗ್ರೀನ್ ಈ ಅಮ್ಮನ ಒಳಗೆ ಹೋಗುವುದಿಲ್ಲ. ಹದಿನಾರರ ಹುಡುಗಿಯ ಕಣ್ಣಿಗೆ ಅಮ್ಮ ಅಷ್ಟೇ ಕಾಣುವುದೆಂದು ಒಪ್ಪಿದರೂ, ಕಾದಂಬರಿಯ ಕೊರತೆ ಇದೇ.

ನಮ್ಮ ಡಾಕ್ಟರು ಹೇಳಿದ್ದೂ ಅದನ್ನೇ. ಭಯವನ್ನು ಸ್ವಲ್ಪಸ್ವಲ್ಪವೇ ಎದುರಿಸಿ, ತೊಳೆಯದೆ ತಡೆದುಕೊಳ್ಳುವ ಚಿಕಿತ್ಸೆ ಮಗಳಿಗೆ. ನಮಗೆ ಬೇರೆ ಪಾಠ: ಧೈರ್ಯ ತುಂಬುವ ಉತ್ತರ ಕೊಡಬೇಡಿ, ಅದು ಆ ಕ್ಷಣಕ್ಕೆ ತಂಪು, ಆಮೇಲೆ ಅದೇ ಒಸಿಡಿಗೆ ಮೇವು. ‘ಅಪ್ಪಾ, ಬಾಗಿಲು ಹಾಕಿದೆಯಲ್ಲಾ?’ ಅಂದರೆ ಈಗ ನಾನು ‘ಹಾಕಿರಬಹುದು ಪುಟ್ಟಿ’ ಅನ್ನುತ್ತೇನೆ. ಹೇಳಿ ಲಿಫ್ಟಿನ ಮುಂದೆ ನಿಲ್ಲುವ ಆ ಹತ್ತು ನಿಮಿಷ ಯಾವ ಕ್ಲೈಂಟಿನ ಮುಂದೆಯೂ ನಿಂತಿದ್ದಿಲ್ಲ.

ಕೊನೆಯ ಪುಟಗಳಲ್ಲಿ ಅಜಾ ವಾಸಿಯಾಗುವುದಿಲ್ಲ. ಆದರೆ ಮುಂದಿನ ಬದುಕು ಅಲ್ಲಿ ಕಾಣಿಸುತ್ತದೆ: ದೊಡ್ಡವಳಾಗುತ್ತಾಳೆ, ಮಕ್ಕಳಾಗುತ್ತವೆ, ಆಸ್ಪತ್ರೆ ಸೇರುತ್ತಾಳೆ, ಚೇತರಿಸಿಕೊಂಡು ಮತ್ತೆ ಬೀಳುತ್ತಾಳೆ, ಇದನ್ನೆಲ್ಲ ಬರೆಯುತ್ತಾಳೆ. ಮೊದಲ ಓದಿಗೆ ನನಗೆ ಕೋಪ ಬಂತು. ಎರಡನೇ ಸಲ ಓದಿದಾಗ, ಇಷ್ಟು ಹೊತ್ತು ಕಥೆ ಹೇಳಿದ್ದು ಆ ದೊಡ್ಡವಳಾದ ಅಜಾಳೇ ಎಂದು ಹೊಳೆಯಿತು.

ನಮ್ಮ ಪ್ರತಿ ಅಪ್ಪಾ ಬಳವಂತ ಚೌಕದಲ್ಲಿ ಕೊಂಡ ಹಳೆಯ ಪುಸ್ತಕ. ಚಿಕಿತ್ಸೆಯ ಭಾಗವೆಂದು ಮಗಳೇ ಆರಿಸಿದ್ದು. ನಡುವೆ ಯಾರದೋ ಚಹಾದ ಕಲೆಯಿದೆ. ಆ ಪುಟ ಮಾತ್ರ ಈಗಲೂ ತುದಿಬೆರಳಲ್ಲಿ ತಿರುವುತ್ತಾಳೆ.